97 ನಿಮಿಷ ಯಾರದ್ದು? ಮನೆಗೆಲಸದ ಲೆಕ್ಕದಲ್ಲಿ ಕಾಣಿಸದ ಗಂಡಸರು

ಎಂಜಿನಿಯರಿಂಗ್ ಓದುವಾಗ ನಮ್ಮ ಮೇಷ್ಟ್ರೊಬ್ಬರು ಹೇಳ್ತಿದ್ದರು: ಸರಾಸರಿ ಎಷ್ಟು ಅಂತ ಕೇಳೋ ಮೊದಲು, ಅದು ಯಾರ ಸರಾಸರಿ ಅಂತ ಕೇಳಿ. ನಮ್ಮ ದೇಶದ ಮನೆಗೆಲಸದ ಅಂಕಿಅಂಶ ನೋಡಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ 'ಸಮಯ ಬಳಕೆ ಸಮೀಕ್ಷೆ' ನಡೆಸಿತು. ಸುಮಾರು 1.39 ಲಕ್ಷ ಮನೆಗಳು, 6 ವರ್ಷ ಮೇಲ್ಪಟ್ಟ 4.47 ಲಕ್ಷ ಜನ. ನಿನ್ನೆ ಬೆಳಗಿನ ಜಾವ 4 ಗಂಟೆಯಿಂದ ಇವತ್ತಿನ 4 ಗಂಟೆವರೆಗೆ ಏನೇನು ಮಾಡಿದಿರಿ ಅಂತ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಕೇಳಿ ಬರೆದುಕೊಂಡರು. ಫಲಿತಾಂಶವನ್ನು ನೀವೂ ಓದಿರಬಹುದು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ.

97 ನಿಮಿಷ ಅಂದ್ರೆ ಒಂದೂವರೆ ಗಂಟೆಗೂ ಜಾಸ್ತಿ. ಪರವಾಗಿಲ್ವಲ್ಲ ಅನ್ನಿಸುತ್ತೆ. ಆದರೆ ಈ ಸರಾಸರಿ ಆ ದಿನ ಮನೆಗೆಲಸ ಮಾಡಿದವರದ್ದು ಮಾತ್ರ. ಕುಡಿದ ಲೋಟವನ್ನೂ ತೊಳೆಯದವರು ಈ ಲೆಕ್ಕದಲ್ಲೇ ಇಲ್ಲ. ಹಾಗಾದರೆ ಮಾಡಿದವರೆಷ್ಟು? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26.

ಈಗ ಮಾಡದವರನ್ನೂ ಸೇರಿಸಿ ಭಾಗಿಸಿ ನೋಡಿ. ಗಂಡಸರ ಪಾಲು ತಲೆಗೆ ಸುಮಾರು 25 ನಿಮಿಷಕ್ಕೆ ಇಳಿಯುತ್ತೆ. ಹೆಂಗಸರದ್ದು 242ರ ಆಸುಪಾಸಲ್ಲೇ ನಿಲ್ಲುತ್ತೆ. ಮೂರು ಪಟ್ಟು ಅಂತ ಕಂಡ ಅಂತರ ಹೆಚ್ಚುಕಡಿಮೆ ಹತ್ತು ಪಟ್ಟು! ಮೊದಲ ಅಂಕಿ ಸುಳ್ಳಲ್ಲ. ಅದು ಉತ್ತರಿಸುವ ಪ್ರಶ್ನೆಯೇ ಬೇರೆ.

ಒಂದು ಭಾನುವಾರ ನಾನೂ ನನ್ನ ದಿನವನ್ನು ಹೀಗೆ ಬರೆದಿಟ್ಟೆ. ಮನೆಗೆಲಸ ಒಂದೂವರೆ ಗಂಟೆಯಾದರೂ ಮಾಡ್ತೀನಿ ಅಂದುಕೊಂಡಿದ್ದೆ. ಕೂಡಿದರೆ 40 ನಿಮಿಷ. ಅದನ್ನು ನೋಡಿ ಅಮ್ಮ ನಕ್ಕರು, ಏನೂ ಹೇಳಲಿಲ್ಲ.

ಇದರ ಇನ್ನೊಂದು ಮುಖ ಅದೇ ಸಮೀಕ್ಷೆಯಲ್ಲಿದೆ. ಉದ್ಯೋಗ, ಅದಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ತೊಡಗಿದ್ದ ಗಂಡಸರು ನೂರಕ್ಕೆ 57, ಹೆಂಗಸರು 18. 'ಹೆಂಗಸರು ಯಾಕೆ ಕೆಲಸಕ್ಕೆ ಬರ್ತಿಲ್ಲ' ಅಂತ ಚರ್ಚೆ ಮಾಡುವವರು ಈ ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2024ರ ಸಮೀಕ್ಷೆಯಲ್ಲಿ ಹೆಂಗಸರ 299 ನಿಮಿಷ 289ಕ್ಕೆ ಇಳಿದಿದೆ. ಐದು ವರ್ಷಕ್ಕೆ ಹತ್ತು ನಿಮಿಷ.

ಇಷ್ಟೊಂದು ದುಡಿಮೆ ಜಿಡಿಪಿಯಲ್ಲಿ ಯಾಕಿಲ್ಲ? ದೇಶಗಳು ತಮ್ಮ ಲೆಕ್ಕ ಬರೆಯಲು ಬಳಸುವ ಅಂತಾರಾಷ್ಟ್ರೀಯ ನಿಯಮ ಹಾಗಿದೆ. ಮನೆ ಬಳಕೆಗೇ ಬೆಳೆದ ರಾಗಿ ಉತ್ಪಾದನೆ. ಆ ರಾಗಿಯಲ್ಲಿ ಮನೆಯವರಿಗೆ ಮುದ್ದೆ ಮಾಡಿದರೆ ಅಲ್ಲ. ಅದೇ ಮುದ್ದೆ ಹೋಟೆಲಿನಲ್ಲಿ ಮಾರಾಟವಾದರೆ ಮತ್ತೆ ಲೆಕ್ಕಕ್ಕೆ ಬರುತ್ತೆ.

ಆದರೆ ಒಂದು ಜಾಗದಲ್ಲಿ ಈ ಕೆಲಸಕ್ಕೆ ಬೆಲೆ ಕಟ್ಟದೆ ವಿಧಿಯಿಲ್ಲ. ಅಪಘಾತದಲ್ಲಿ ಗೃಹಿಣಿ ಸತ್ತಾಗ. ದೆಹಲಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಅಪಘಾತದಲ್ಲಿ ತೀರಿಹೋಗಿದ್ದ ಪ್ರಕರಣದಲ್ಲಿ, 2021ರ ಜನವರಿ 5ರಂದು ಸುಪ್ರೀಂ ಕೋರ್ಟ್ ಪರಿಹಾರವನ್ನು 22 ಲಕ್ಷದಿಂದ 33.20 ಲಕ್ಷ ರೂಪಾಯಿಗೆ ಏರಿಸಿತು. ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಬಗ್ಗೆ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಎನ್.ವಿ. ರಮಣ ಉಲ್ಲೇಖಿಸಿದ್ದು ಇದೇ ಅಂಕಿಗಳನ್ನು: 299 ಮತ್ತು 97.

ಅಂದ್ರೆ, ಈ ಲೆಕ್ಕ ಹಾಕೋಕೆ ಬರಲ್ಲ ಅಂತಲ್ಲ. ಆಕೆ ಬದುಕಿದ್ದಾಗ ನಾವು ಹಾಕುವುದಿಲ್ಲ, ಅಷ್ಟೇ.