ಚಾಫ್ ಕಟರ್ ನಟ್ಟು ಪದೇ ಪದೇ ಸಡಿಲ ಆಗ್ತಿದೆಯಾ? ಸ್ಪ್ರಿಂಗ್ ವಾಷರ್ ಒಂದನ್ನೇ ನಂಬಬೇಡಿ

ಮೇವು ಕತ್ತರಿಸುವಾಗ ಮಷಿನ್‌ನಿಂದ ಟಕ್ ಟಕ್ ಅಂತ ಶಬ್ದ ಬಂದರೆ ಮೊದಲು ಸ್ವಿಚ್ ಆಫ್ ಮಾಡಿ. ನಮ್ಮ ಮನೆಯಲ್ಲೇ ಹೀಗಾಯ್ತು. ನೋಡಿದರೆ ಬ್ಲೇಡಿನ ಒಂದು ನಟ್ಟು ಅರ್ಧ ಬಿಚ್ಚಿಕೊಂಡಿತ್ತು. 'ನಾಲ್ಕು ದಿನದ ಹಿಂದೆ ತಾನೇ ಬಿಗಿ ಮಾಡಿದ್ದು' ಅಂದ್ರು ಅಪ್ಪ. ಬ್ಲೇಡ್ ಕಳಚಿದ್ದರೆ ಎದುರಿಗೆ ಇದ್ದದ್ದು ಅವರೇ.

ಬಿಗಿ ಮಾಡಿದ ನಟ್ಟು ತಾನಾಗೇ ಯಾಕೆ ಬಿಚ್ಚಿಕೊಳ್ಳುತ್ತೆ?

ನಟ್ಟು ತಿರುಗಿಸಿದಾಗ ಬೋಲ್ಟು ಸ್ಪ್ರಿಂಗಿನ ಹಾಗೆ ತುಸು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯೋದು. ಬ್ಲೇಡ್ ಮೇವಿಗೆ ಬಡಿದಾಗಲೆಲ್ಲ ಅದು ಅಡ್ಡಡ್ಡ ಜಾರಲು ನೋಡುತ್ತೆ. ಹಿಡಿತ ಕಮ್ಮಿ ಇದ್ದರೆ ಕೂದಲೆಳೆಯಷ್ಟು ಜಾರಿ, ನಟ್ಟು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗುತ್ತೆ. ಉದ್ದುದ್ದ ಎಳೆತಕ್ಕಿಂತ ಈ ಅಡ್ಡ ಅದುರುವಿಕೆಯೇ ಹೆಚ್ಚು ಅಪಾಯ ಅಂತ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ್ದರು. ಇಂಥ ಪರೀಕ್ಷೆಯಲ್ಲಿ ಮಾಮೂಲಿ ಸ್ಪ್ರಿಂಗ್ ವಾಷರ್ ಅಷ್ಟೇನೂ ಉಪಯೋಗಕ್ಕೆ ಬರಲ್ಲ.

ಹಾಗಾದ್ರೆ ಏನು ಮಾಡಬೇಕು?

ಮೊದಲು ಪ್ಲಗ್ ಕಿತ್ತು, ಚಕ್ರ ತಿರುಗದಂತೆ ಮರದ ತುಂಡು ಕೊಡಿ. ಬ್ಲೇಡ್ ಕೂರುವ ಜಾಗದ ತುಕ್ಕು, ಬಣ್ಣ, ಹುಲ್ಲಿನ ಕಸ ತೆಗೆಯಿರಿ. ಕಸದ ಮೇಲೆ ಬಿಗಿ ಮಾಡಿದರೆ, ಕಸ ಕುಗ್ಗಿದಾಗ ನಟ್ಟೂ ಸಡಿಲ. ಆಮೇಲೆ ಇವುಗಳಲ್ಲಿ ಒಂದು:

1. ನೈಲಾಕ್ ನಟ್: ಒಳಗಿರುವ ನೈಲಾನ್ ಬಳೆ ಬೋಲ್ಟನ್ನು ಕಚ್ಚಿ ಹಿಡಿಯುತ್ತೆ. ಕೈಬೆರಳಲ್ಲೇ ಪೂರ್ತಿ ತಿರುಗಿದರೆ ಅದು ಸವೆದಿದೆ, ಬಿಸಾಕಿ. ಸೈಲೆನ್ಸರ್ ಹತ್ತಿರ ಹಾಕಬೇಡಿ, ಸುಮಾರು 120 ಡಿಗ್ರಿ ದಾಟಿದರೆ ನೈಲಾನ್ ಮೆತ್ತಗಾಗುತ್ತೆ.

2. ಥ್ರೆಡ್ ಲಾಕರ್: ಗಾಳಿ ಸಿಗದ ಕಡೆ, ಲೋಹಕ್ಕೆ ತಾಗಿ ಗಟ್ಟಿಯಾಗುವ ಅಂಟು. ಎಣ್ಣೆ, ಗ್ರೀಸ್ ಪೂರ್ತಿ ಒರೆಸಿ ಒಂದೆರಡು ಹನಿ ಹಾಕಿ, 24 ಗಂಟೆ ಮಷಿನ್ ಓಡಿಸಬೇಡಿ. ಬ್ಲೇಡನ್ನು ಸಾಣೆಗೆ ಬಿಚ್ಚಲೇಬೇಕು, ಹಾಗಾಗಿ ನೀಲಿ ಸಾಕು. ಕೆಂಪು ಹಾಕಿದರೆ ಬಿಸಿ ಮಾಡದೆ ಬಿಚ್ಚೋದು ಕಷ್ಟ.

3. ಡಬಲ್ ನಟ್: ತೆಳು ನಟ್ಟು ಕೆಳಗೆ, ದಪ್ಪದ್ದು ಮೇಲೆ. ತೆಳುವನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ದಪ್ಪದ್ದನ್ನು ಇನ್ನೊಂದರಲ್ಲಿ ಬಿಗಿ ಮಾಡಿ. ಬಹಳ ಜನ ಉಲ್ಟಾ ಹಾಕ್ತಾರೆ. ಮೇಲೆ ಕವರಿಗೆ ತಾಗದಷ್ಟು ಜಾಗ ಇದ್ದರೆ ಮಾತ್ರ ಇದು.

ಹಾರ್ಡ್‌ವೇರ್ ಅಂಗಡಿಯವರಿಗೂ ಒಂದು ಮಾತು. ಗಿರಾಕಿ 'ಒಂದು ಬೋಲ್ಟು ಕೊಡಿ' ಅಂದಾಗ ಯಾವುದಕ್ಕೆ ಅಂತ ಕೇಳಿ. ಬ್ಲೇಡಿಗಾದರೆ ಹಳೇ ಬೋಲ್ಟಿನ ತಲೆ ಮೇಲಿನ ನಂಬರ್ ನೋಡಿ. 8.8 ಇದ್ದ ಕಡೆ 4.6ರ ಮೆತ್ತನೆ ಬೋಲ್ಟು ಕೊಟ್ಟರೆ ಅಷ್ಟು ಬಿಗಿ ತಡೆಯಲ್ಲ, ಎಳೆದು ಹೋಗುತ್ತೆ.

ಕೊನೆಗೆ ಖರ್ಚಿಲ್ಲದ ಉಪಾಯ: ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ಲೇಡಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ದಿನಾ ಸ್ವಿಚ್ ಹಾಕುವ ಮೊದಲು ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತಲೇ ಅರ್ಥ. ನಮ್ಮನೆ ಮಷಿನ್‌ಗೆ ಈಗ ಬಿಳಿ ಗೆರೆ ಬಿದ್ದಿದೆ.