ಕಾಲುವೆ ಕರೆತಂದ ಮನೆತನ

ಗಂಗಾವತಿ, ಸಿಂಧನೂರು ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಊರುಗಳ ಹೆಸರಿನ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ. ಕ್ಯಾಂಪು ಎಂದರೆ ಬಿಡಾರ. ಇಂದು ಹೂಡಿ ನಾಳೆ ಕೀಳತಕ್ಕದ್ದು. ಈ ಬಿಡಾರಗಳಾದರೋ ಮೂರು ತಲೆಮಾರುಗಳಿಂದ ನಿಂತಿವೆ. ಅಂಥದೊಂದು ಕ್ಯಾಂಪಿನಲ್ಲಿ ಹುಟ್ಟಿದವನು ನಾನು.

ಮಲ್ಲಾಪುರದ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಈ ಸೀಮೆಯು ಹೈದರಾಬಾದು ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಮಳೆಯನ್ನು ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಒಕ್ಕಲು ಮಕ್ಕಳಿಗೆ ನೀರೇನೋ ಬಂದಿತು. ಹೊಲವನ್ನು ಮಟ್ಟಮಾಡಿ ಮಡಿ ಕಟ್ಟಿಸುವ ಹಣ ಬರಲಿಲ್ಲ. ಕೃಷ್ಣಾ, ಗೋದಾವರಿ ಬಯಲಿನವರಿಗೆ ಭತ್ತದ ಬೇಸಾಯವು ಕುಲವಿದ್ಯೆ. ಅಲ್ಲಿ ನೆಲ ತುಟ್ಟಿ, ಇಲ್ಲಿ ಅಗ್ಗ. ವಲಸೆಯ ಮರ್ಮವಿಷ್ಟೆ.

ನಮ್ಮ ತಾತ ಕೃಷ್ಣೆಯ ಬಯಲಿನ ಎರಡು ಎಕರೆ ಮಾರಿ ಇಲ್ಲಿ ಹನ್ನೆರಡು ಎಕರೆ ಕೊಂಡರು. ನಾಯನಮ್ಮ—ಅಜ್ಜಿಯನ್ನು ನಾವು ಕರೆಯುತ್ತಿದ್ದುದು ಹಾಗೆ—ಹೊಸಪೇಟೆಯವರೆಗೆ ರೈಲಿನಲ್ಲಿ, ಮುಂದೆ ಎತ್ತಿನ ಗಾಡಿಯಲ್ಲಿ ಬಂದರಂತೆ. ಮಡಿಲಲ್ಲಿ ಕೂಸು, ಪಕ್ಕದಲ್ಲಿ ಬಿತ್ತನೆಯ ಭತ್ತ. ಎರಡು ವರ್ಷ ಜೋಪಡಿಯ ವಾಸ. ಹಗಲೆಲ್ಲ ಜಾಲಿಯ ಬೇರು ಕೀಳುವುದು, ರಾತ್ರಿ ಹಾವಿನ ಭಯ. “ಎರೆಮಣ್ಣು ಒಮ್ಮೆ ಕಾಲು ಹಿಡಿದರೆ ಚಪ್ಪಲಿ ಕೊಡದೆ ಬಿಡದು” ಎಂದು ಆಕೆ ನಗುತ್ತಿದ್ದರು.

ಮೊದಲ ನಾಟಿಗೆ ಕೂಲಿಯಾಗಿ ಬಂದ ಹೆಂಗಸರಲ್ಲಿ ಆ ಹೊಲವನ್ನು ಮಾರಿದ ಮನೆಯ ಸೊಸೆಯೂ ಇದ್ದರು. ‘ಬರ್ರಿ’, ‘ಕುಂದರ್ರಿ’, ‘ಉಣ್ರಿ’ ಎಂಬ ಮೊದಲ ಕನ್ನಡವನ್ನು ನಾಯನಮ್ಮ ಕಲಿತದ್ದು ಆಕೆಯಿಂದ. ಆಕೆ ಕಡೆಯವರೆಗೂ ಅದನ್ನು ‘ನಮ್ಮ ಹೊಲ’ ಎಂದೇ ಕರೆದರು. ನಾಯನಮ್ಮ ಒಂದು ದಿನವೂ ತಿದ್ದಲಿಲ್ಲ.

ವಲಸೆಗಾರರ ದುಡಿಮೆಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಅದರ ಮಗ್ಗುಲಲ್ಲೇ ಇನ್ನೊಂದು ಲೆಕ್ಕವುಂಟು. ನೀರನ್ನು ವಿರಳವಾಗಿ ಹಂಚಿ, ಬಹುಪಾಲು ಜೋಳ, ಹತ್ತಿಯಂಥ ಬೆಳೆಗಳನ್ನು ಕಾಯುವುದು ಯೋಜನೆಯ ಉದ್ದೇಶವಾಗಿತ್ತು. ಕಾಲುವೆಯ ಮೇಲುಭಾಗದಲ್ಲಿ ಹಬ್ಬಿದ ಭತ್ತವು ಆ ಲೆಕ್ಕವನ್ನು ಕೆಡಿಸಿತು. ಮಾನ್ವಿ, ರಾಯಚೂರಿನ ಕೊನೆಯ ಭಾಗದ ರೈತರು ನೀರಿಗಾಗಿ ಕಾದರು. ಎಷ್ಟೋ ನೆಲ ಜೌಗಾಗಿ ಸವುಳೇರಿತು. ಒಬ್ಬರ ಸುಗ್ಗಿಯಲ್ಲಿ ಇನ್ನೊಬ್ಬರ ಪಾಲಿನ ನೀರೂ ಇತ್ತೆಂಬುದನ್ನು ಮರೆಯಲಾಗದು.

ತೆಲುಗಿನ ಜೋಗುಳ ಕೇಳಿ ಬೆಳೆದ ನಾನು ಇಂದು ಕನ್ನಡ ಕಾವ್ಯವನ್ನು ಪಾಠ ಹೇಳುತ್ತೇನೆ. ನನ್ನ ತರಗತಿಯಲ್ಲಿ ಕ್ಯಾಂಪಿನ ಮಕ್ಕಳೂ ಹಳೆಯ ಊರಿನ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಎಲ್ಲಿಂದ ಬಂದೆವು ಎಂದು ಅವರು ಮನೆಯ ಹಿರಿಯರನ್ನು ಕೇಳಲಿ. ನಾವು ಬಂದಾಗ ಇಲ್ಲಿ ಯಾರಿದ್ದರು ಎಂಬುದನ್ನೂ ಕೇಳಲಿ.