ಗಾಜಿನ ಕಡಲಿನಲ್ಲಿ ಸಿಂಹಮೀನು

ಕಡಲಿನ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿ ತುಂಬಿ ಕಣ್ಣೆದುರಿಗಿರಿಸಿಕೊಳ್ಳಬೇಕೆಂಬ ಆಸೆ ಹೊಸದೇನೂ ಅಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಷ್ಟು ಹಿಂದೆಯೇ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಈಗ ಅಮೆರಿಕದ ಅನೇಕ ಮನೆಗಳಲ್ಲಿಯೂ ಉಪ್ಪುನೀರಿನ ತೊಟ್ಟಿಗಳಿವೆ. ಅವುಗಳಲ್ಲಿ ಸಾಕುವ ಮೀನುಗಳ ಪೈಕಿ ಬಹು ಸುಂದರವಾದುದು ಸಿಂಹಮೀನು. ಮೈಮೇಲೆ ಕೆಂಪು ಬಿಳಿ ಪಟ್ಟೆಗಳು, ಬೀಸಣಿಗೆಯಂತೆ ಹರಡಿದ ಈಜುರೆಕ್ಕೆಗಳು, ಬೆನ್ನಿನಲ್ಲಿ ವಿಷದ ಮುಳ್ಳುಗಳು. ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್ ಸಾಗರಗಳು ಇದರ ತವರು.

5 ಸೆಂಟಿಮೀಟರ್ ಉದ್ದದ ಮರಿಯೊಂದನ್ನು ಮನೆಗೆ ತಂದೆವೆಂದು ಭಾವಿಸೋಣ. ಅದು ಬೆಳೆದು 40 ಸೆಂಟಿಮೀಟರ್ ಆದಾಗ ಉದ್ದವು ಎಂಟುಪಟ್ಟು ಹೆಚ್ಚಿತು. ಆದರೆ ತೂಕವು ಉದ್ದದ ಘನವನ್ನು ಅನುಸರಿಸುವುದರಿಂದ ಅದು ಸುಮಾರು 512 ಪಟ್ಟು ಹೆಚ್ಚಿರುತ್ತದೆ! ಉಸಿರಾಟಕ್ಕೆ ಬೇಕಾಗುವ ಆಮ್ಲಜನಕವು ಅಷ್ಟೇ ವೇಗದಿಂದ ಏರದಿದ್ದರೂ ನೂರು ಪಟ್ಟನ್ನು ಮೀರುವುದು.

ಈ ಆಮ್ಲಜನಕವು ತೊಟ್ಟಿಯಲ್ಲಿ ಎಷ್ಟಿದೆ? 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ತೊಟ್ಟಿಯು 432 ಲೀಟರ್ ನೀರನ್ನು ಹಿಡಿಯುತ್ತದೆ. ಸಮುದ್ರಜಲವಾದರೆ ಅದರ ತೂಕ ಸುಮಾರು 440 ಕಿಲೋಗ್ರಾಂ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಸಮುದ್ರಜಲವಾದರೋ 7 ಮಿಲಿಗ್ರಾಂಗಿಂತಲೂ ಕಡಿಮೆ. ಆದುದರಿಂದ ನಮ್ಮ ತೊಟ್ಟಿಯಲ್ಲಿರುವ ಒಟ್ಟು ಆಮ್ಲಜನಕವು 3 ಗ್ರಾಂ ಮಾತ್ರ. ಹನ್ನೊಂದು ಲೀಟರ್ ಗಾಳಿಯಲ್ಲಿ ಇಷ್ಟು ಆಮ್ಲಜನಕವಿರುತ್ತದೆ. ವ್ಯಯವಾದುದು ನೀರಿನ ಮೇಲ್ಮೈಯ ಮೂಲಕವೇ ಮರಳಿ ಬರಬೇಕು. ಮೀನು ಬೆಳೆದರೂ ಮೇಲ್ಮೈ ಬೆಳೆಯದು. ನೀರನ್ನು ಕಲಕುವ ಪಂಪು ನಿಂತರೆ ಅಪಾಯವು ಕೆಲವು ಗಂಟೆಗಳಲ್ಲಿಯೇ ಒದಗಬಹುದು.

ಎರಡನೆಯ ತೊಡಕು ಕಲ್ಮಷದ್ದು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಸೂಸುತ್ತದೆ. ಮರಳು, ಕಲ್ಲುಗಳಲ್ಲಿ ನೆಲಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಮೇಲಾಗಿ ಸಮುದ್ರಜಲವು ಕೊಂಚ ಕ್ಷಾರಗುಣವುಳ್ಳದ್ದು. ಅಂತಹ ನೀರಿನಲ್ಲಿ ಅಮೋನಿಯದ ವಿಷಕಾರಿ ರೂಪವು ಹೆಚ್ಚು ಪ್ರಮಾಣದಲ್ಲಿರುತ್ತದೆ.

ಹೀಗಿರಲು, ತೊಟ್ಟಿಯನ್ನು ಮರಿಯ ಗಾತ್ರಕ್ಕಲ್ಲ, ಬೆಳೆದ ಮೀನಿನ ಗಾತ್ರಕ್ಕೆ ಅಳೆಯಬೇಕು. ಇದನ್ನು ಮರೆತವರಿಗೆ ಒಂದು ದಿನ ಮೀನು ಹೊರೆಯಾಗುತ್ತದೆ. ಆಗ ಅದನ್ನು ಹತ್ತಿರದ ಕಡಲಿಗೆ ಬಿಟ್ಟುಬಿಡುವುದು ದಯೆಯ ಕಾರ್ಯವೆಂದೇ ತೋರುತ್ತದೆ. ಆದರೆ ಅದರ ಪರಿಣಾಮವನ್ನು ನೋಡಿರಿ. 1985ರಲ್ಲಿ ಫ್ಲಾರಿಡಾದ ತೀರದಲ್ಲಿ, ಅಂದರೆ ತನ್ನದಲ್ಲದ ಅಟ್ಲಾಂಟಿಕ್ ಸಾಗರದಲ್ಲಿ, ಸಿಂಹಮೀನು ಕಾಣಿಸಿಕೊಂಡಿತು. ಮನೆಯ ತೊಟ್ಟಿಗಳಿಂದ ಬಿಟ್ಟ ಮೀನುಗಳೇ ಇದಕ್ಕೆ ಕಾರಣವೆಂಬುದು ವಿಜ್ಞಾನಿಗಳ ಅಭಿಪ್ರಾಯ. ಅದರ ಸಂತತಿಯು ಕೆರಿಬಿಯನ್ ಸಮುದ್ರವನ್ನೆಲ್ಲ ವ್ಯಾಪಿಸಿ ಬ್ರೆಜಿಲ್ಲಿನವರೆಗೂ ಹಬ್ಬಿದೆ. ಅಲ್ಲಿಯ ಹವಳದ ದಿಬ್ಬಗಳ ಚಿಕ್ಕ ಮೀನುಗಳು ಈ ಹೊಸ ಶತ್ರುವನ್ನು ಅರಿಯದೆ ಅದಕ್ಕೆ ಸುಲಭವಾಗಿ ಆಹಾರವಾಗುತ್ತಿವೆ. ಹರಡಿದ ಸಿಂಹಮೀನುಗಳನ್ನು ಮುಳುಗುಗಾರರು ಈಟಿಯಿಂದ ಒಂದೊಂದಾಗಿ ಹಿಡಿಯಬೇಕಾಗಿದೆ.

ಸಾಕಲಾರದ ಮೀನನ್ನು ಸಾಕಬಲ್ಲವರ ಕೈಗೊಪ್ಪಿಸಬೇಕೇ ಹೊರತು ನೀರಿಗೆ ಬಿಡಬಾರದು. ಅದಕ್ಕೂ ಮೊದಲು, ಮೀನನ್ನು ಕೊಳ್ಳುವ ಮುನ್ನವೇ, ಕಾಗದ ಪೆನ್ಸಿಲುಗಳನ್ನು ಹಿಡಿದು ಮೇಲಿನ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಲೇಸು.